ಗಿಣಿಯ ಅಳು

ಅವರ ಪ್ರೀತಿ ಶುರುವಾದದ್ದೇ ಜಗಳದಿಂದ, ಅದೂ ಒಂದು ಪುಸ್ತಕದ ವಿಷಯಕ್ಕೆ. ರೆಕಾರ್ಡಿಂಗ್ ರೂಮಿನಲ್ಲಿ ಅವಳು ಆಡಿಯೋ ಪುಸ್ತಕಕ್ಕಾಗಿ ಹಳೇ ಕಾಲದ ಭಯಾನಕ ಕಾದಂಬರಿಯೊಂದನ್ನು ಓದುತ್ತಿದ್ದಳು. ಕೋಟೆಯೊಳಗಿನ ವೈದ್ಯನೊಬ್ಬ ಸತ್ತ ಹೆಂಡತಿಯನ್ನು ಎಬ್ಬಿಸಲು ಹೋಗಿ ಊರನ್ನೇ ಹಾಳು ಮಾಡುವ ಕಥೆ. ಕೊನೆಯ ಪುಟ ಮುಗಿಯುತ್ತಿದ್ದಂತೆ ಗಾಜಿನಾಚೆ ಕೂತಿದ್ದ ಸೌಂಡ್ ಎಂಜಿನಿಯರ್ ಮೂಗು ಮುರಿದ.

“ಛೇ, ಇನ್ನೊಂದ್ಸಲ ಪ್ರಯತ್ನಪಟ್ಟಿದ್ರೆ ಅವಳು ಎದ್ದು ಕೂತಿರೋಳು. ಅರ್ಧಕ್ಕೇ ಕೈಬಿಟ್ಟ, ಹೇಡಿ.”

“ಅಯ್ಯೋ ದೇವರೇ! ಅವನು ಶುರು ಮಾಡಿದ್ದೇ ತಪ್ಪು ಅಂತ ತಾನೇ ಕಥೆ ಇರೋದು?”

“ನಿಮಗೆ ಹಾಗನ್ಸುತ್ತೆ.”

“ಗೂಬೆ ಥರ ಕತ್ತಲಲ್ಲಿ ಕೂರೋರಿಗೆ ಇನ್ನೇನನ್ಸುತ್ತೆ ಬಿಡಿ.”

ಅವನು ನಕ್ಕ. ತುಟಿಯ ಒಂದು ಮೂಲೆ ಮಾತ್ರ ಮೇಲೇಳುವ ನಗು. ಸತ್ತವಳನ್ನು ಎಬ್ಬಿಸಲೇಬೇಕಿತ್ತು ಎಂಬ ಅವನ ಮಾತಿಗೆ ಹೆದರಬೇಕಾದವಳು ಆ ತುಟಿಯನ್ನೇ ನೋಡುತ್ತ ನಿಂತಳು. ಆವತ್ತಿನಿಂದ ಅವನು ಅವಳಿಗೆ ಗೂಬೆ. ಯಾರ ದನಿಯನ್ನಾದರೂ ಇದ್ದ ಹಾಗೇ ಅನುಕರಿಸುವ ಅವಳು ಅವನಿಗೆ ಗಿಣಿ.

ಗೂಬೆ ಒಂದು ಯಂತ್ರ ಕಟ್ಟುತ್ತಿದ್ದ. ಬರೆದದ್ದನ್ನು ಓದುವ ಯಂತ್ರಗಳು ಬೇಕಾದಷ್ಟಿವೆ. ಅವನದು ಉಸಿರಾಡಬೇಕು, ಅದರ ಗಂಟಲು ಕಟ್ಟಬೇಕು, ಕೇಳಿದವರು ಇದಕ್ಕೆ ಜೀವವಿದೆ ಎಂದು ಆಣೆ ಮಾಡಬೇಕು. ಅದಕ್ಕೆ ಅವಳ ದನಿ. ಕೆಲಸ ಮುಗಿದ ಮೇಲೆ ಅವಳು ಮೈಕಿನೆದುರು ನಗುತ್ತಿದ್ದಳು, ಗೊಣಗುತ್ತಿದ್ದಳು, ಆಕಳಿಸುತ್ತಿದ್ದಳು. ಅವನು ಒಂದನ್ನೂ ಬಿಡದೆ ಹಿಡಿದಿಡುತ್ತಿದ್ದ.

“ನಾಚ್ಕೊಂಡು ಮಾತಾಡು, ನೋಡೋಣ.”

“ನಾಚ್ಕೆ ಬರಿಸೋ ಕೆಲಸ ನಿಂದಪ್ಪಾ.”

ಅವನು ಎದ್ದು ಬಂದು ಮೈಕ್ ಸರಿಮಾಡುವ ನೆಪದಲ್ಲಿ ಅವಳ ಗಲ್ಲ ಮುಟ್ಟಿದ. ಅವಳ ಉಸಿರು ತಟ್ಟನೆ ನಿಂತಿತು. “ಇದೇ! ಇದೇ ಬೇಕಿತ್ತು!” ಎಂದು ಗಾಜಿನಾಚೆ ಓಡಿದ. ಅವಳಿಗೆ ಸಿಟ್ಟೂ ಬಂತು, ನಗುವೂ ಬಂತು. ನಗುವೇ ಗೆದ್ದಿತು. ಪ್ರೀತಿಸುವವರ ಬುದ್ಧಿ ಎಲ್ಲಿ ಮೇಯಲು ಹೋಗಿರುತ್ತದೋ ಏನೋ!

ಆದರೆ ಅಳು ಮಾತ್ರ ಸಿಗಲಿಲ್ಲ. ಅವಳು ಎಷ್ಟು ಚೆನ್ನಾಗಿ ಅತ್ತರೂ ಅವನು ತಲೆಯಾಡಿಸುತ್ತಿದ್ದ. “ನಾಟಕ. ಕಿವಿಗೆ ಗೊತ್ತಾಗ್ಬಿಡುತ್ತೆ.” ಬರಬರುತ್ತ ಊಟ ಬಿಟ್ಟ, ಸೊರಗಿ ಕಡ್ಡಿಯಾದ.

“ನನ್ನ ಮುಖ ನೋಡಿ ಎಷ್ಟು ದಿನ ಆಯ್ತು, ಹೇಳು?” ಎಂದು ಅವಳು ಕೇಳಿದರೆ, “ದಿನಾ ಕೇಳ್ತೀನಲ್ಲ,” ಎಂದ.

ರೆಕಾರ್ಡಿಂಗ್ ಮಾಡುವಾಗ ಫೋನುಗಳು ಹೊರಗಿನ ಡ್ರಾಯರಿನಲ್ಲಿರಬೇಕು, ಅದು ಅಲ್ಲಿನ ನಿಯಮ. ಒಂದು ಮಧ್ಯಾಹ್ನ ಅವಳು ಮೈಕಿನೆದುರು ಕೂತಿದ್ದಾಗ ಅವನು ಮುಖ ಸಪ್ಪಗೆ ಮಾಡಿಕೊಂಡು ಒಳಬಂದ.

“ಗಿಣಿ, ನಿಮ್ಮನೆಯಿಂದ ಫೋನ್ ಬಂದಿತ್ತು. ನಿಮ್ಮಮ್ಮ... ಬೆಳಿಗ್ಗೆ ಹೋಗ್ಬಿಟ್ರಂತೆ.”

ಅವಳ ಹೊಟ್ಟೆಯ ಆಳದಿಂದ ಎದ್ದ ಅಳು ಅವಳದೇ ಎಂದು ಅವಳಿಗೇ ಗುರುತು ಸಿಗಲಿಲ್ಲ. ಅಮ್ಮಾ, ಅಮ್ಮಾ ಎನ್ನುತ್ತ ಅವನ ಅಂಗಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಸದ್ಯ, ಇವನೊಬ್ಬ ಜೊತೆಗಿದ್ದಾನೆ ಎಂದುಕೊಂಡಳು, ಪಾಪ. ಆಮೇಲೆ ಹೊರಗೆ ಓಡಿ, ಅಮ್ಮನ ಜೊತೆಗಿದ್ದ ಅಕ್ಕನೊಡನೆ ಮಾತಾಡಲು ಮನೆಗೆ ಫೋನ್ ಮಾಡಿದಳು.

“ಏನಮ್ಮಾ, ಈ ಹೊತ್ತಲ್ಲಿ? ಊಟ ಆಯ್ತಾ?”

ಅಮ್ಮ! ಹಿಂದೆ ನಲ್ಲಿ ನೀರು ಸುರಿಯುತ್ತಿತ್ತು. ಅವಳು ತಿರುಗಿ ನೋಡಿದಳು. ಗಾಜಿನಾಚೆ ಅವನು ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೂತಿದ್ದ. ಆ ಮುಖದಲ್ಲಿದ್ದ ಸಂತೋಷವನ್ನು ಅವಳು ಹಿಂದೆಂದೂ ಕಂಡಿರಲಿಲ್ಲ, ಅವನು ಅವಳನ್ನು ನೋಡುವಾಗಲೂ.

“ಆಮೇಲೆ ಮಾಡ್ತೀನಮ್ಮಾ,” ಎಂದು ಫೋನಿಟ್ಟು ಒಳಗೆ ಹೋದಳು.

“ಬಂತು ಗಿಣಿ! ಸಿಕ್ಬಿಡ್ತು!” ಎಂದವನು ಅವಳ ಮುಖ ನೋಡಿ ತಡವರಿಸಿದ. “ಬೇರೆ ದಾರಿ ಇರ್ಲಿಲ್ಲ ಕಣೇ. ಸ್ವಲ್ಪ ಹೊತ್ತು ಬಿಟ್ಟು ನಾನೇ ಹೇಳ್ತಿದ್ದೆ...”

“ನಮ್ಮಮ್ಮನ್ನ ಸಾಯಿಸ್ಬಿಟ್ಯಲ್ಲೋ.”

ಅವನು ಅವಳ ಕಾಲ ಬಳಿ ಕುಸಿದು ಕೂತ. “ನೀನಂದ್ರೆ ನಂಗೆ ಪ್ರಾಣ. ನಿನ್ನ ಮುಂದೆ ಇದೆಲ್ಲ ಏನೂ ಅಲ್ಲ.”

ಈ ಮಾತಿಗಾಗಿ ಎಷ್ಟು ಕಾದಿದ್ದಳು! ಅದು ನಿಜವೂ ಹೌದು. ದನಿಯ ಕಸುಬಿನವಳಿಗೆ ಅಷ್ಟು ತಿಳಿಯದೇ?

“ಹಾಗಾದ್ರೆ ಅದನ್ನ ಅಳಿಸ್ಬಿಡು.”

ಅವನು ಎದ್ದು ಕೀ ಮೇಲೆ ಬೆರಳಿಟ್ಟ. ಒತ್ತೋ ಮಾರಾಯ, ಒತ್ತು ಎಂದು ಅವಳ ಜೀವ ಬಾಯಿಗೆ ಬಂದಿತ್ತು. ಒತ್ತಿದ್ದರೆ ಎಲ್ಲವನ್ನೂ ಮರೆತು ಆಗಲೇ ಅವನನ್ನು ಅಪ್ಪಿಕೊಳ್ಳುತ್ತಿದ್ದಳು.

“ಆಗ್ತಿಲ್ಲ ಗಿಣಿ,” ಎಂದ ಅವನ ಕಣ್ಣಿಂದ ನೀರು ಇಳಿಯಿತು. “ಇಂಥದ್ದು ಮತ್ತೆ ಸಿಗಲ್ಲ.”

ಅವಳು ಅಂಗೈಯಿಂದ ಅವನ ಕೆನ್ನೆ ಒರೆಸಿದಳು. “ಸರಿ, ಇಟ್ಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು.”

“ವಾಪಸ್ ಬರ್ತೀಯ ತಾನೇ?”

ಅವಳು ಚಪ್ಪಲಿ ಮೆಟ್ಟಿಕೊಂಡು, ಬಾಗಿಲನ್ನು ತೆರೆದೇ ಬಿಟ್ಟು ಹೊರಟಳು. ಅರ್ಧ ಮೆಟ್ಟಿಲು ಇಳಿಯುವಷ್ಟರಲ್ಲಿ ಮೇಲಿನಿಂದ ಸ್ಪೀಕರಿನಲ್ಲಿ ಅವಳದೇ ಅಳು ಶುರುವಾಯಿತು. ಹತ್ತಿ ಬರುತ್ತಿದ್ದ ಕೆಳಗಿನ ಆಫೀಸಿನ ಹೆಂಗಸು ಗಾಬರಿಯಿಂದ ನಿಂತಳು.

“ಯಾರೋ ಪಾಪ, ಹೀಗೆ ಅಳ್ತಿದ್ದಾಳಲ್ಲ! ಒಬ್ಳೇ ಇದ್ದಾಳೇನೋ?”

“ಇಲ್ಲ,” ಎಂದಳು ಗಿಣಿ. “ಜೊತೇಲಿ ಅವಳನ್ನ ತುಂಬಾ ಪ್ರೀತಿಸೋನೊಬ್ಬ ಇದ್ದಾನೆ.”

ಮತ್ತೆ ಮೆಟ್ಟಿಲಿಳಿಯತೊಡಗಿದಳು.