ಹಳಿಗೆ ಬಿದ್ದ ಎಣ್ಣೆ

"ಶ್! ಮಾತಾಡ್ಬೇಡಿ. ಕೆಳಗೆ ಮುಟ್ಟೋವರೆಗೂ ಉಸಿರೂ ಜೋರಾಗಿ ಬಿಡ್ಬೇಡಿ!"

ಲಿಫ್ಟಿನ ಬಾಗಿಲು ಆಗಲೇ ಮುಚ್ಚಿಕೊಂಡಿತ್ತು. ಒಳಗೆ ಇಬ್ಬರೇ. ಗಾಲಿಕುರ್ಚಿಯಲ್ಲಿ ಕುಳಿತಿದ್ದ ಅವಳಿಗೆ ಮೈಯೆಲ್ಲ ಉರಿದುಹೋಯಿತು. ಯಾರೋ ಗುರುತು ಪರಿಚಯ ಇಲ್ಲದವನು! ಎರಡೂ ಅಂಗೈಗಳನ್ನು ಲಿಫ್ಟಿನ ಗೋಡೆಗೆ ಒತ್ತಿಕೊಂಡು, ಕಿವಿಯನ್ನೂ ತಗಡಿಗೆ ಆನಿಸಿಕೊಂಡು, ಕಣ್ಣು ಮುಚ್ಚಿ ನಿಂತಿದ್ದಾನೆ.

'ಕುಡಿದಿದ್ದಾನಾ? ಬೆಳಗಾಗೋದೇ ತಡ!'

ಲಿಫ್ಟು ಎಂದಿನಂತೆ ಕುಲುಕುತ್ತಾ ಇಳಿಯತೊಡಗಿತು. ಒಂದು ಕಡೆ ದಡಕ್ಕನೆ ಅಲುಗಿತು.

"ಎಡಕ್ಕೆ ಒದೀತಿದೆ… ಎಲ್ಲಿ? ಎಲ್ಲಿ?" ಎಂದು ಅವನು ಗೊಣಗಿದ.

"ಐದನೇ ಮಹಡಿ ದಾಟಿದ ಕೂಡ್ಲೇ," ಎಂದುಬಿಟ್ಟಳು ಅವಳು, ತಡೆಯಲಾರದೆ. "ಮೊದಲು ಎಡಕ್ಕೆ. ಆಮೇಲೆ ಬಲಕ್ಕೆ ಎರಡು ಸಲ. ದಿನಾ ನನ್ನ ಚಕ್ರಕ್ಕೆ ಗೊತ್ತಾಗುತ್ತೆ. ಇನ್ನಾದ್ರೂ ಉಸಿರು ಬಿಡಬಹುದಾ ಸಾಹೇಬ್ರೇ?"

ಅವನು ಕಣ್ಣು ತೆರೆದ. ಮೊದಲು ಅವಳ ಮುಖ ನೋಡಿದ, ಆಮೇಲೆ ಚಕ್ರ ನೋಡಿದ. ಉಳಿದವರೆಲ್ಲ ಮೊದಲು ಚಕ್ರ ನೋಡಿ ಆಮೇಲೆ ಮುಖ ನೋಡುವವರೇ. ಇವನೊಬ್ಬ ಉಲ್ಟಾ!

"ಬಲಕ್ಕೆ ಎರಡು ಸಲನಾ? ನನಗೆ ಒಂದೇ ಸಿಕ್ಕಿದ್ದು," ಎಂದು ತಲೆ ಕೆರೆದುಕೊಂಡು ನಕ್ಕ. "ತಪ್ಪು ತಿಳ್ಕೋಬೇಡಿ ಮೇಡಂ. ಹೊಸ ಲಿಫ್ಟ್ ಮೆಕ್ಯಾನಿಕ್ ನಾನು."

ಹೋಯಿತು ನೋಡಿ! ಅವನು ಆ ನಗುವೊಂದನ್ನು ನಗಬಾರದಿತ್ತು. ಸಿಡುಕಿ ಎಂದು ಹೆಸರು ಪಡೆದಿದ್ದ ಹುಡುಗಿಗೆ ಮುಂದಿನ ಮಾತೇ ಹೊರಡಲಿಲ್ಲ.

ಆ ಕಟ್ಟಡದಲ್ಲಿ ಎಲ್ಲರೂ ಅವಳನ್ನು ಟೈಲರಮ್ಮ ಎನ್ನುತ್ತಿದ್ದರು. ಇನ್ನೂ ಮದುವೆಯಾಗದ ಹುಡುಗಿಗೆ ಅಮ್ಮ ಎಂದು ಅಂಟಿಸಿದರೆ ಸಿಡುಕು ಬರದೆ ಇರುತ್ತದೆಯೇ? ನೆಲಮಹಡಿಯಲ್ಲಿ, ಮೀಟರ್ ಬೋರ್ಡಿನ ಪಕ್ಕದಲ್ಲಿ ಅವಳ ಪುಟ್ಟ ಹೊಲಿಗೆ ಅಂಗಡಿ. ಎಲ್ಲಕ್ಕಿಂತ ಮೇಲೆ, ತಾರಸಿಗೆ ಅಂಟಿಕೊಂಡ ಒಂದು ಕೋಣೆಯಲ್ಲಿ ಮನೆ. ಅವಳ ಅಪ್ಪ ಆ ಕಟ್ಟಡದ ವಾಚ್‌ಮನ್. ಕೆಲಸದ ಜೊತೆಗೇ ಸಿಕ್ಕ ಕೋಣೆ ಅದು. ಕೆಲಸ ಹೋದರೆ ಕೋಣೆಯೂ ಹೋಗುತ್ತದೆ. ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಕಾಲುಗಳ ಬಲವನ್ನು ಕಿತ್ತುಕೊಂಡಿತ್ತು. ಮನೆಗೂ ಅಂಗಡಿಗೂ ನಡುವೆ ಅವಳಿಗಿದ್ದದ್ದು ಒಂದೇ ದಾರಿ, ಆ ಲಿಫ್ಟು.

ಅವನು ಕೆಲಸ ಶುರು ಮಾಡಿದ ಮೇಲೆ ಅವಳಿಗೂ ಒಂದು ಹೊಸ ಕೆಲಸ ಸಿಕ್ಕಿತು.

"ಟೈಲರಮ್ಮಾ, ಒಂದು ರೌಂಡು ಬರ್ತೀರಾ?"

ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಹೊರಡುತ್ತಿದ್ದಳು. ಮೇಲೆ, ಕೆಳಗೆ, ಮತ್ತೆ ಮೇಲೆ! ಎಲ್ಲಿ ಅಲುಗುತ್ತದೆ, ಯಾವ ಕಡೆಗೆ, ಎಷ್ಟು ಜೋರಾಗಿ… ಅವಳು ಹೇಳುವಳು, ಅವನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕುವನು.

"ಯಾಕೆ ಹೀಗೆ ಒದ್ದಾಡುತ್ತೆ ಇದು? ಹಗ್ಗ ಹಿಡ್ಕೊಂಡಿರುತ್ತಲ್ಲ?"

"ಹಗ್ಗ ಬೀಳದ ಹಾಗೆ ನೋಡ್ಕೊಳ್ಳುತ್ತೆ, ಅಷ್ಟೇ. ನೆಟ್ಟಗೆ ಹೋಗೋ ಹಾಗೆ ನೋಡ್ಕೊಳ್ಳೋದು ಹಳಿ. ಎರಡೂ ಪಕ್ಕ ಮೇಲಿಂದ ಕೆಳಗಿನವರೆಗೆ ಕಬ್ಬಿಣದ ಹಳಿ ಇದೆ. ಲಿಫ್ಟಿನ ಮೂಲೆ ಮೂಲೆಗೂ ಒಂದು ಶೂ, ಅದು ಹಳಿನ ಕಚ್ಕೊಂಡು ಜಾರುತ್ತೆ. ಶೂ ಸವೆದು ಸಂದು ಬಿಟ್ಟಿದೆ, ಅದಕ್ಕೇ ಆ ಕಡೆ ಈ ಕಡೆ ಬಡ್ಕೊಳ್ತಿದೆ. ಅದನ್ನೆಲ್ಲ ಕಿತ್ತು ರಬ್ಬರ್ ಗಾಲಿ ಹಾಕ್ತೀನಿ. ಆಮೇಲೆ ನೋಡಿ, ಕೂತಲ್ಲೇ ನಿದ್ದೆ ಬರಬೇಕು!"

ನಿದ್ದೆ ಬರುವುದಿರಲಿ, ಇದ್ದ ನಿದ್ದೆಯೂ ಹಾರಿಹೋಗಿತ್ತು ಅವಳಿಗೆ.

ಕೆಲಸ ಮುಗಿದ ದಿನ ಅವನು ಅಂಗಡಿಗೆ ಬಂದ. ಅಂಗಿಯ ಗುಂಡಿ ಕಿತ್ತುಹೋಗಿತ್ತು. ಬಿಚ್ಚಿ ಕೊಡಲು ಸಂಕೋಚ, ಬಗ್ಗಿಕೊಂಡು ನಿಂತ. ಅವಳು ಅವನ ಎದೆಯ ಮೇಲೆಯೇ ಗುಂಡಿ ಹೊಲಿಯತೊಡಗಿದಳು. ಅವನ ಉಸಿರು ಅವಳ ಕೂದಲಿಗೆ ತಾಕುತ್ತಿತ್ತು.

"ಒಂದು ಮುಖ್ಯವಾದ ವಿಷಯ," ಎಂದ ಅವನು. "ಇನ್ಮೇಲೆ ಹಳಿಗೆ ಒಂದು ತೊಟ್ಟು ಎಣ್ಣೆನೂ ತಾಗಬಾರ್ದು. ಹಳೇ ಶೂಗೆ ಎಣ್ಣೆ ಬೇಕಿತ್ತು, ಈ ರಬ್ಬರಿಗೆ ಅದೇ ವಿಷ. ಉಬ್ಕೊಂಡು ಕಿತ್ತು ಬರುತ್ತೆ. ನಿಮ್ಮಪ್ಪಂಗೆ ಮರೀದೆ ಹೇಳ್ತೀರಾ?"

"ಹೂಂ…"

"ನಾಳೆಯಿಂದ ನನಗೆ ಬೇರೆ ಕಟ್ಟಡ."

ಸೂಜಿ ಬೆರಳಿಗೆ ಚುಚ್ಚಿತು. ನಾಳೆಯಿಂದ ಬರುವುದಿಲ್ಲವೇ? ಆ ಒಂದು ಮಾತಿನ ಮುಂದೆ ಎಣ್ಣೆಯೇನು, ಹಳಿಯೇನು, ಅವಳ ತಲೆಯಲ್ಲಿ ಏನೂ ಉಳಿಯಲಿಲ್ಲ.

"ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು…" ಎಂದು ಅವನು ಬಾಯಿ ತೆರೆಯುವಷ್ಟರಲ್ಲಿ ರವಿಕೆ ಬಿಗಿಯಾಯಿತೆಂದು ಜಗಳಕ್ಕೆ ಒಬ್ಬಳು ಗಿರಾಕಿ ಬಂದೇಬಿಟ್ಟಳು. ಅವನು ಸುಮ್ಮನೆ ಹೊರಟುಹೋದ.

ಆಮೇಲೆ ಅವನದು ಫೋನು ಮಾತ್ರ. "ಲಿಫ್ಟ್ ಹೇಗಿದೆ?"

"ಚೆನ್ನಾಗಿದೆ."

'ಲಿಫ್ಟ್ ಹೇಗಿದೆ ಅಂತೆ! ನಾನು ಹೇಗಿದ್ದೀನಿ ಅಂತ ಕೇಳಕ್ಕೇನು ರೋಗ!' ಎಂದು ಅವಳು ಫೋನಿಗೇ ಬೈಯುತ್ತಿದ್ದಳು.

ಆದರೆ ಲಿಫ್ಟು ಚೆನ್ನಾಗಿರಲಿಲ್ಲ. ಮೊದಲು ಸಣ್ಣ ನಡುಕ, ಆಮೇಲೆ ಅಲುಗಾಟ. ಅವಳು ಹೇಳಲಿಲ್ಲ. ಹೇಳಿದರೆ ತನ್ನನ್ನು ಕರೆಸಿಕೊಳ್ಳಲು ನೆಪ ಹುಡುಕುತ್ತಿದ್ದಾಳೆ ಎಂದುಕೊಂಡಾನು ಎಂಬ ಬಿಗುಮಾನ! ಒಂದು ಮಧ್ಯಾಹ್ನ ಲಿಫ್ಟು ಒಂದು ಪಕ್ಕಕ್ಕೆ ಎಳೆದಂತಾಗಿ, ಎರಡು ಮಹಡಿಗಳ ನಡುವೆ ದಢಾರನೆ ನಿಂತುಬಿಟ್ಟಿತು. ಒಳಗಿದ್ದ ಮೂರನೇ ಮಹಡಿಯ ತಾತ ಬಿದ್ದು ಕೈ ಮುರಿದುಕೊಂಡರು.

ಲಿಫ್ಟಿಗೆ ಬೀಗ ಬಿತ್ತು. ಊಟಕ್ಕೆಂದು ಮನೆಗೆ ಹೋಗಿದ್ದ ಅವಳು ಮೇಲೆಯೇ ಉಳಿದಳು. ಅಂಗಡಿಯೂ ಇಲ್ಲ, ಬೀದಿಯೂ ಇಲ್ಲ. ಕಿಟಕಿಯಿಂದ ಕೆಳಗೆ ಜನ ಓಡಾಡುವುದನ್ನು ನೋಡುತ್ತಾ ಕೂರುವುದೊಂದೇ.

ಲಿಫ್ಟು ನಿಂತ ದಿನವೇ ಅವನು ಓಡಿ ಬಂದಿದ್ದ. ಸಂಜೆಯವರೆಗೂ ಲಿಫ್ಟಿನ ಕೆಳಗಿನ ಗುಂಡಿಯಲ್ಲೇ ಇದ್ದು, ಮೆಟ್ಟಿಲು ಹತ್ತಿ ಅವಳ ಬಾಗಿಲಿಗೆ ಬಂದು ನಿಂತ. ಕೈಯೆಲ್ಲ ಕಪ್ಪು ಎಣ್ಣೆ.

"ಇದೇನಾ ನಿಮ್ಮ ಕೆಲಸ?" ಅವಳು ಕೂಗಾಡಿಬಿಟ್ಟಳು. "ಕೂತಲ್ಲೇ ನಿದ್ದೆ ಬರುತ್ತೆ ಅಂದ್ರಲ್ಲ? ಆ ತಾತ ಈಗ ಆಸ್ಪತ್ರೇಲಿ ಮಲಗಿದಾರೆ! ನಾನಿಲ್ಲಿ ಜೈಲಲ್ಲಿದ್ದೀನಿ! ನಿಮ್ಮನ್ನ ನಂಬಿದ್ದೆ ನಾನು…"

ಅವನು ಏನೋ ಹೇಳಲು ಹೋದ. ಕೋಣೆಯ ಮೂಲೆಯಲ್ಲಿದ್ದ ಅವಳ ಅಪ್ಪನ ಎಣ್ಣೆ ಡಬ್ಬಿಯ ಮೇಲೆ ಅವನ ಕಣ್ಣು ನಿಂತಿತು. ಆಮೇಲೆ ಅವಳನ್ನು ನೋಡಿದ.

"ಹೌದು. ತಪ್ಪು ನಂದೇ," ಎಂದು ಹೇಳಿ ಇಳಿದುಹೋದ.

ಅಪ್ಪ ಬಂದಾಗ ಅವಳು ಅಳುತ್ತಿದ್ದಳು.

"ಅಳ್ಬೇಡ ಪುಟ್ಟಿ. ನನಗೂ ಒಂದೂ ಅರ್ಥ ಆಗ್ತಿಲ್ಲ. ನೀನು ಕೂತು ಹೋಗೋ ಲಿಫ್ಟು, ಶಬ್ದ ಬರಬಾರ್ದು ಅಂತ ವಾರ ವಾರಾನೂ ಹಳಿಗೆ ಎಣ್ಣೆ ಬಿಡ್ತಿದ್ದೆ. ಹಳೇ ಮೆಕ್ಯಾನಿಕ್ ಕಲಿಸಿದ್ದು, ಒಂದು ಸಲಾನೂ ತಪ್ಪಿಸಿಲ್ಲ. ಅಷ್ಟು ಮಾಡಿದ್ರೂ ಹೀಗಾಯ್ತಲ್ಲ!"

ಅವಳು ತಟ್ಟನೆ ತಲೆಯೆತ್ತಿದಳು.

'ನಿಮ್ಮಪ್ಪಂಗೆ ಮರೀದೆ ಹೇಳ್ತೀರಾ?'

ಹೂಂ ಎಂದಿದ್ದಳು. ಹೂಂ ಎಂದು, ಮರೆತೇಬಿಟ್ಟಿದ್ದಳು! ಅವನ ಕೈಗೆ ಮೆತ್ತಿದ್ದದ್ದು ಅವನ ಎಣ್ಣೆಯಲ್ಲ. ಮೂಲೆಯ ಡಬ್ಬಿಯನ್ನು ನೋಡಿದ ಕ್ಷಣವೇ ಅವನಿಗೆ ಎಲ್ಲ ತಿಳಿದಿತ್ತು. ತಿಳಿದೂ ಅವಳ ಬೈಗುಳ ತಿಂದು ಹೋಗಿದ್ದ.

ಅವಳು ಅಪ್ಪನಿಗೆ ಎಲ್ಲವನ್ನೂ ಹೇಳಿದಳು. ಅಪ್ಪ ಗೋಡೆಗೆ ಒರಗಿ ಕುಸಿದು ಕುಳಿತರು.

"ಹಾಗಾದ್ರೆ ನನ್ನಿಂದ್ಲೇ…? ವಾಚ್‌ಮನ್ ಆದವನು ಲಿಫ್ಟಿನ ಹಳಿ ಮುಟ್ಟಲೇಬಾರ್ದು ಅಂತ ರೂಲ್ಸ್ ಇದೆ ಮಗಳೇ. ಗೊತ್ತಾದ್ರೆ ನಾಳೆನೇ ಹೊರಗೆ ಹಾಕ್ತಾರೆ. ಈ ವಯಸ್ಸಲ್ಲಿ ನಿನ್ನ ಕರ್ಕೊಂಡು ನಾನು ಎಲ್ಲಿಗೆ ಹೋಗ್ಲಿ?"

ಹೇಳಿದರೆ ಅಪ್ಪನ ಬದುಕು ಬೀದಿಗೆ ಬೀಳುತ್ತದೆ. ಹೇಳದಿದ್ದರೆ ಅವನ ಬದುಕು. ಭಾನುವಾರ ಬೆಳಿಗ್ಗೆ ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ ಮೀಟಿಂಗು. ಲಿಫ್ಟ್ ಕಂಪನಿಯ ಮ್ಯಾನೇಜರ್ ಬರುತ್ತಾನೆ, ಮೆಕ್ಯಾನಿಕ್‌ನನ್ನು ಕೆಲಸದಿಂದ ತೆಗೆಯುತ್ತಾರೆ, ಇನ್ನು ಯಾವ ಕಟ್ಟಡದಲ್ಲೂ ಲಿಫ್ಟು ಮುಟ್ಟದ ಹಾಗೆ ಮಾಡುತ್ತಾರೆ ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದರು.

ಅವನಿಗೆ ಫೋನು ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಸ್ವಿಚ್ ಆಫ್! ಕಟ್ಟಡದ ಸೆಕ್ರೆಟರಿಗೆ ಮಾಡಿದಳು.

"ಸರ್, ಲಿಫ್ಟ್ ವಿಷಯ…"

"ನಿನ್ನ ಕಷ್ಟ ನಂಗೊತ್ತಮ್ಮಾ. ಅವನನ್ನ ಬಿಡಲ್ಲ, ನೀನು ತಲೆ ಕೆಡಿಸ್ಕೋಬೇಡ!"

ಎದುರಿಗೆ ಅಪ್ಪ ಕುಳಿತಿದ್ದರು. ಮಗಳ ಬಾಯಿಯನ್ನೇ ನೋಡುತ್ತಿದ್ದರು. ಅವಳ ನಾಲಿಗೆ ಏಳಲಿಲ್ಲ. ಆ ಕಡೆ ಫೋನು ಇಟ್ಟಾಯಿತು. ಅವಳು ತನ್ನನ್ನು ತಾನೇ ಅಷ್ಟು ದ್ವೇಷಿಸಿದ್ದು ಅದೇ ಮೊದಲು.

ಭಾನುವಾರ ಕೆಳಗಿನಿಂದ ಪ್ಲಾಸ್ಟಿಕ್ ಕುರ್ಚಿ ಎಳೆಯುವ ಸದ್ದು ಕೇಳಿಸಿತು. ಕಿಟಕಿಯಿಂದ ಬಗ್ಗಿ ನೋಡಿದಳು. ಎಲ್ಲರ ನಡುವೆ ಅವನು ತಲೆ ತಗ್ಗಿಸಿ ಗೇಟು ದಾಟಿ ಒಳಗೆ ಬರುತ್ತಿದ್ದ.

ಸಾಕಾಯಿತು ಅವಳಿಗೆ! ಕುರ್ಚಿಯಿಂದ ನೆಲಕ್ಕೆ ಜಾರಿದಳು. ಕೈಯೂರಿ ಮೈ ಎಳೆದುಕೊಂಡು ಮೆಟ್ಟಿಲಿನವರೆಗೆ ಹೋದಳು.

"ಪುಟ್ಟಿ! ಏನ್ ಮಾಡ್ತಿದೀಯ?"

"ಕೆಳಗೆ ಹೋಗ್ತಿದೀನಿ ಅಪ್ಪಾ. ಮರೆತಿದ್ದು ನಾನು. ನಾನೇ ಹೇಳ್ಬೇಕು."

"ನಾನಾದ್ರೂ ಎತ್ಕೊಳ್ತೀನಿ ಬಾ…"

"ಬೇಡ!"

ಅವಳಿಗೆ ಯಾರಾದರೂ ಎತ್ತಿಕೊಂಡರೆ ಆಗದು. ಚಿಕ್ಕಂದಿನಲ್ಲಿ ಕಂಡವರೆಲ್ಲ ಮೂಟೆಯಂತೆ ಎತ್ತಿ ಇಳಿಸಿದ್ದು ಸಾಕಾಗಿತ್ತು. ಒಂದೊಂದೇ ಮೆಟ್ಟಿಲು ಕುಳಿತು, ಕೈಯೂರಿ, ಜಾರಿ, ಮತ್ತೆ ಕುಳಿತು ಇಳಿಯತೊಡಗಿದಳು. ಅಂಗೈ ಕಿತ್ತು ರಕ್ತ ಬಂತು. ಹಿಂದೆ ಅಪ್ಪ ಮಡಿಸಿದ ಗಾಲಿಕುರ್ಚಿಯನ್ನು ಹೆಗಲ ಮೇಲಿಟ್ಟುಕೊಂಡು, ಅವಳು ಒಂದು ಮೆಟ್ಟಿಲು ಇಳಿದರೆ ತಾವೂ ಒಂದು ಮೆಟ್ಟಿಲು ಇಳಿಯುತ್ತಾ ಬಂದರು. ತಡೆಯಲೂ ಆಗದು, ನೋಡಲೂ ಆಗದು. ಆ ಮುದುಕರ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಮೂರನೇ ಮಹಡಿಯ ತಿರುವಿನಲ್ಲಿ ಅವಳು ಇನ್ನು ಆಗದೆಂದು ಗೋಡೆಗೆ ಒರಗಿದಳು. ಕೆಳಗಿನಿಂದ ಯಾರೋ ಹತ್ತಿ ಬರುವ ಸದ್ದು. ಅವನೇ!

"ಅಯ್ಯೋ! ಇದೇನಿದು?" ಅವನು ಓಡಿ ಬಂದು ಮಂಡಿಯೂರಿದ. "ಕೈಯೆಲ್ಲ ರಕ್ತ…"

"ಮೀಟಿಂಗ್ ಶುರುವಾಯ್ತಾ?"

"ನನ್ನ ವಿಚಾರ ಮುಗೀತು. ಒಪ್ಕೊಂಡೆ. ಬೇರೆ ಮೆಕ್ಯಾನಿಕ್ ಬರ್ತಾನೆ, ಬೇಗ ಲಿಫ್ಟ್ ಸರಿಹೋಗುತ್ತೆ. ಅದನ್ನ ನಿಮಗೆ ಹೇಳೋಣ ಅಂತ ಬಂದೆ."

"ಯಾಕೆ ಒಪ್ಕೊಂಡ್ರಿ? ಎಣ್ಣೆ ಇತ್ತು ಅಂತ ಹೇಳ್ಬಾರ್ದಿತ್ತಾ?"

"ಆವತ್ತೇ ಎಲ್ಲ ಒರೆಸಿ ತೆಗೆದುಬಿಟ್ಟೆ. ಈಗ ಹೇಳಿದ್ರೂ ಯಾರು ನಂಬ್ತಾರೆ?"

ಹಿಂದೆ ನಿಂತಿದ್ದ ಅಪ್ಪ ಗಾಲಿಕುರ್ಚಿಯನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡರು.

"ನಾನು ಹೇಳಿದ್ರೆ ನಂಬ್ತಾರೆ," ಎಂದರು. "ಎಣ್ಣೆ ಬಿಟ್ಟ ಕೈ ನಂದು."

"ಯಜಮಾನ್ರೇ, ಬೇಡ. ನಿಮ್ಮ ಮನೆ…"

"ಸುಮ್ನಿರಪ್ಪಾ. ನನ್ನ ಮಗಳು ಹೀಗೆ ಇಳಿದು ಬಂದಿದ್ದನ್ನ ನೋಡಿದ ಮೇಲೆ ನಾನು ಆ ಕೋಣೇಲಿ ಹೇಗೆ ಮಲಗ್ಲಿ?"

ಅವರು ದಡದಡನೆ ಇಳಿದುಹೋದರು. ತಿರುವಿನಲ್ಲಿ ಅವರಿಬ್ಬರೇ ಉಳಿದರು.

"ಕೂಗಾಡಿಬಿಟ್ಟೆ ನಿಮ್ಮ ಮೇಲೆ…" ಎಂದಳು ಅವಳು. "ನೀವು ಹೇಳಿದ್ರಿ. ನಾನು ಕೇಳಿಸ್ಕೊಳ್ಳಲಿಲ್ಲ. ನಾಳೆಯಿಂದ ಬರಲ್ಲ ಅಂದ್ರಲ್ಲ, ಅದೊಂದೇ ಕಿವೀಲಿ ಉಳಿದಿದ್ದು. ನೀವು ಅಂದ್ರೆ ನನಗೆ ಅಷ್ಟು ಇಷ್ಟ… ಅದಕ್ಕೇ ಹೀಗೆಲ್ಲ ಆಗಿದ್ದು!"

ಅವನು ಜೇಬಿನಿಂದ ಕರವಸ್ತ್ರ ತೆಗೆದು ಅವಳ ಅಂಗೈಗೆ ಸುತ್ತಿದ.

"ನಿಜ ಹೇಳಿದ್ರೆ ನಿಮ್ಮ ಮನೆ ಹೋಗ್ತಿತ್ತು. ಮನೆ ಹೋದ್ರೆ ನೀವೂ ಹೋಗ್ತಿದ್ರಿ. ನಿಮ್ಮನ್ನ ಎಲ್ಲಿ ಅಂತ ಹುಡುಕ್ಲಿ ನಾನು?"

ಕೆಳಗೆ ಒಮ್ಮೆಲೇ ಗಲಾಟೆ ಎದ್ದಿತು. ಅಪ್ಪನ ಧ್ವನಿ, ಅದರ ಮೇಲೆ ಸೆಕ್ರೆಟರಿಯ ಕೂಗು: "ತಿಂಗಳ ಕೊನೆಗೆ ಕೋಣೆ ಖಾಲಿ ಮಾಡು!" ಮ್ಯಾನೇಜರ್ ಹೇಳುತ್ತಿದ್ದ: "ಆ ಹುಡುಗನ್ನ ವಾಪಸ್ ಕರೀರಿ, ಇನ್ನೊಂದ್ಸಲ ಕೇಳೋಣ."

ಅವನ ಕೆಲಸ ಉಳಿಯುತ್ತದೋ ಇಲ್ಲವೋ, ಇನ್ನೂ ಯಾರಿಗೂ ತಿಳಿಯದು. ಮನೆಯಂತೂ ಹೋಯಿತು. ಅವಳು ಕಣ್ಣು ಮುಚ್ಚಿಕೊಂಡಳು.

"ನನ್ನ ಎತ್ಕೊಳ್ಳಿ," ಎಂದಳು ಮೆಲ್ಲಗೆ. "ಅಪ್ಪ ಒಬ್ಬರೇ ಇದಾರೆ ಅಲ್ಲಿ."

ಅವನು ಎತ್ತಿಕೊಂಡ. ಒಂದು ಮೆಟ್ಟಿಲಿಳಿದು ನಿಂತ.

"ನಮ್ಮನೇಲಿ ಲಿಫ್ಟ್ ಇಲ್ಲ," ಎಂದ ಇದ್ದಕ್ಕಿದ್ದಂತೆ.

"ಹಾಂ?"

"ನಾನೂ ನಮ್ಮಮ್ಮನೂ ಇರೋದು. ನೆಲದ ಮೇಲಿನ ಮನೆ. ಬಾಗಿಲಲ್ಲಿ ಮಾತ್ರ ಎತ್ತರದ ಮೆಟ್ಟಿಲಿತ್ತು. ಒಡೆದು ಸಿಮೆಂಟಿನ ಇಳಿಜಾರು ಮಾಡಿದೀನಿ. ಅಮ್ಮ ಯಾಕೋ ಅಂದ್ರು. ಸುಮ್ನೆ ಅಂದೆ."

ಅವಳು ಅವನ ಮುಖವನ್ನೇ ನೋಡಿದಳು.

"ಇದೆಲ್ಲ ಆದ ಮೇಲಾ?"

"ಇಲ್ಲ… ಆಗಿನ್ನೂ ನಿಮ್ಮ ಲಿಫ್ಟಿನ ಕೆಲಸಾನೇ ಮುಗಿದಿರಲಿಲ್ಲ."

ಅವಳಿಗೆ ಅಳು, ನಗು, ಕೋಪ ಎಲ್ಲ ಒಟ್ಟಿಗೇ ಬಂತು. ಅವನ ಅಂಗಿಯ ಕಾಲರನ್ನು ಹಿಡಿದು ಜಗ್ಗಿದಳು.

"ಮನೆ ಮೆಟ್ಟಿಲು ಒಡೆಯೋ ಮೊದಲು ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

"ಈಗ ಕೇಳ್ತಿದೀನಿ. ಬರ್ತೀರಾ?"

ಅವಳು ಅವನ ಕುತ್ತಿಗೆಗೆ ಎರಡೂ ಕೈ ಹಾಕಿ, ಭುಜದ ಮೇಲೆ ಮುಖ ಇಟ್ಟಳು.

"ಬರ್ತೀನಿ… ಅಪ್ಪನ್ನೂ ಕರ್ಕೊಂಡು."