ಏಳನೇ ಹಾಸಿಗೆಯ ಪಂಪು

ಏಳನೇ ಹಾಸಿಗೆಯ ಪಂಪಿನ ಮೇಲೆ ನಲವತ್ತು ಎಂದಿತ್ತು. ಇರಬೇಕಾದದ್ದು ನಾಲ್ಕು.

ನಲವತ್ತು! ಹೃದಯದ ಔಷಧಿಯನ್ನು ಹನಿಹನಿಯಾಗಿ ರಕ್ತಕ್ಕೆ ಬಿಡುವ ಯಂತ್ರ ಅದು. ಹತ್ತು ಪಟ್ಟು ವೇಗದಲ್ಲಿ ಎಂಟು ನಿಮಿಷ ಓಡಿಬಿಟ್ಟಿತ್ತು. ಹಾಸಿಗೆಯಲ್ಲಿದ್ದಾಕೆ ಶಾಲೆಯ ಬಸ್ಸು ಓಡಿಸುವ ಹೆಂಗಸು. ಆಕೆಯ ತುಟಿ ನೀಲಿಗಟ್ಟಿದ್ದನ್ನು ಕಂಡ ವಾರ್ಡಿನ ಸಿಸ್ಟರ್ ಓಡಿಬಂದು, ಕೊಳವೆಯನ್ನು ಬೆರಳಲ್ಲೇ ಹಿಸುಕಿ ಹಿಡಿದು ಡಾಕ್ಟರನ್ನು ಕೂಗಿದರು. ಜೀವ ಉಳಿಯಿತು. ಆಕೆಯನ್ನು ತೀವ್ರ ನಿಗಾ ಘಟಕಕ್ಕೆ ಸಾಗಿಸಿದರು. ಪ್ರಜ್ಞೆ ಇನ್ನೂ ಮರಳಿರಲಿಲ್ಲ.

ಪಂಪು ಪರೀಕ್ಷಿಸಲು ಮೂರನೇ ಮಹಡಿಯಿಂದ ಟೆಕ್ನೀಷಿಯನ್ ಒಬ್ಬಳನ್ನು ಕರೆಸಿದರು. ಜೇಬಿನಲ್ಲಿ ಸದಾ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡಿರುವ ಅವಳಿಗೆ ಇಡೀ ಆಸ್ಪತ್ರೆ ಇಟ್ಟ ಹೆಸರು ‘ಸ್ಕ್ರೂ’. ಆ ಸಿಸ್ಟರ್ ಬೇರೆ ಯಾರೂ ಅಲ್ಲ, ಅವಳ ಸ್ವಂತ ಅಣ್ಣನ ಹೆಂಡತಿ.

“ಪಂಪಿನಲ್ಲಿ ಏನು ದಾಖಲಾಗಿದೆ?” ಡೈರೆಕ್ಟರ್ ಕೇಳಿದರು.

“ಹನ್ನೊಂದು ಹದಿನೇಳಕ್ಕೆ ನಾಲ್ಕು ಹೋಗಿ ನಲವತ್ತಾಗಿದೆ ಸರ್.”

“ಯಾರು ಬದಲಾಯಿಸಿದ್ದು?”

“ಅದು ಗೊತ್ತಾಗಲ್ಲ. ಹಳೇ ಪಂಪು. ಹೊತ್ತು ಮಾತ್ರ ಬರ್ಕೊಳ್ಳುತ್ತೆ.”

“ಇನ್ಯಾರು? ಸಿಸ್ಟರ್ ಒಂದು ಸೊನ್ನೆ ಜಾಸ್ತಿ ಒತ್ತಿದಾರೆ. ಮೂರು ಗಂಟೆಗೆ ಸಮಿತಿ ಸೇರುತ್ತೆ. ಆಮೇಲೆ ಅವರು ಮನೆಗೆ.”

ಹದಿನೆಂಟು ವರ್ಷದ ಸೇವೆಯನ್ನು ಒಂದೇ ಉಸಿರಿನಲ್ಲಿ ಗಾಳಿಗೆ ತೂರಿ ಅವರು ಹೊರಟುಹೋದರು. ಸ್ಕ್ರೂ ಅತ್ತಿಗೆಯ ಕಡೆ ತಿರುಗಿದಳು. ಅತ್ತಿಗೆ ಗೋಡೆಗೆ ಒರಗಿ ನಿಂತಿದ್ದರು.

“ನಾಲ್ಕೇ ಇಟ್ಟಿದ್ದು ಕಣೇ. ಎರಡೆರಡು ಸಲ ಓದಿದೀನಿ.”

“ಎಷ್ಟು ಹೊತ್ತಿಗೆ?”

“ಹನ್ನೊಂದಕ್ಕೇ ಪಂಪ್ ಆನ್ ಮಾಡಿ ಸಿದ್ಧ ಇಟ್ಟಿದ್ದೆ. ಔಷಧಿ ಬರೋದು ತಡ ಆಯ್ತು. ಹತ್ತು ನಿಮಿಷ ಬಿಟ್ಟು ಶುರು ಮಾಡ್ದೆ.”

“ಹದಿನೇಳಕ್ಕೆ ಎಲ್ಲಿದ್ರಿ?”

“ಹತ್ತನೇ ಹಾಸಿಗೆಯವರ ಗಾಯ ಕಟ್ತಿದ್ದೆ. ಎರಡೂ ಕೈಲಿ ಬ್ಯಾಂಡೇಜು. ಏಳರ ಹತ್ರ ಯಾರೂ ಬರ್ಲಿಲ್ಲ. ಯಾರು ನಂಬ್ತಾರೆ ಹೇಳು?”

“ನಾನು ನಂಬ್ತೀನಿ ಅತ್ತಿಗೆ. ಮೂರು ಗಂಟೆ ಒಳಗೆ ಯಾರು ಅಂತ ಹಿಡೀತೀನಿ.”

ಹೇಳಿದ್ದೇನೋ ಸಲೀಸಾಗಿ. ಹಿಡಿಯುವುದು ಹೇಗೆ? ಪಂಪಿನ ಹತ್ತಿರ ಯಾರೂ ಸುಳಿದಿಲ್ಲವೆಂದರೆ ಕೈ ದೂರದಿಂದ ಬಂದಿರಬೇಕು — ನೆಟ್‌ವರ್ಕಿನ ಮೂಲಕ. ಎಂಥ ವಿಪರ್ಯಾಸ! ಆಸ್ಪತ್ರೆಯ ಯಂತ್ರಗಳನ್ನು ಹ್ಯಾಕರುಗಳಿಂದ ಕಾಪಾಡುವುದು ಹೇಗೆಂದು ಮೇಲಿನ ಮಹಡಿಯಲ್ಲಿ ಮೂರು ದಿನದಿಂದ ಉನ್ನತ ತರಬೇತಿ ನಡೆದಿತ್ತು. ಹೊರಗಿನಿಂದ ಬಂದ ಮೇಷ್ಟ್ರು ಮಾತಿನಲ್ಲಿ ಎತ್ತಿದ ಕೈ. ಕಳ್ಳನ ದಾರಿ ತಿಳಿಯದೆ ಬಾಗಿಲು ಹಾಕಲಾಗದು ಎಂದು, ಮೇಜಿನ ಮೇಲಿನ ಅಭ್ಯಾಸದ ಪಂಪಿನ ಮೇಲೆ ಒಬ್ಬೊಬ್ಬರಿಂದಲೂ ದಾಳಿ ಮಾಡಿಸುತ್ತಿದ್ದರು. ಈ ಬೆಳಿಗ್ಗೆ ಮೊದಲ ಸರದಿ ಸ್ಕ್ರೂಳದೇ. ಮೊದಲ ಯತ್ನದಲ್ಲೇ ಗೆದ್ದು ಬೆನ್ನು ತಟ್ಟಿಸಿಕೊಂಡಿದ್ದಳು.

ಅವಳು ನೇರವಾಗಿ ನೆಟ್‌ವರ್ಕ್ ನೋಡಿಕೊಳ್ಳುವವನ ಕೋಣೆಗೆ ನುಗ್ಗಿದಳು. ಸದಾ ವೈರುಗಳ ಮಧ್ಯೆ ಗೊಣಗುತ್ತ ಕೂರುವ ಆತ ಎಲ್ಲರಿಗೂ ವೈರಣ್ಣ.

“ವೈರಣ್ಣ, ಹೊರಗಿಂದ ಯಾರಾದ್ರೂ ನುಗ್ಗಿದಾರಾ?”

“ಒಂದು ನೊಣ ಕೂಡ ನುಗ್ಗಿಲ್ಲ.”

“ಒಳಗಿಂದ?”

“ಓಹೋ, ಈಗ ನನ್ನ ತಲೆಗೆ ಕಟ್ಟೋಕೆ ಬಂದ್ಯಾ? ಹನ್ನೊಂದರಿಂದ ನಿಮ್ಮ ಡೈರೆಕ್ಟರ್ ಮುಂದೇನೇ ನಿಂತು ಬೈಸ್ಕೊಂತಿದ್ದೆ. ಬೇಕಾದ್ರೆ ಕೇಳು.”

“ಕ್ಲಾಸಿನ ಕಂಪ್ಯೂಟರಿಂದ ವಾರ್ಡಿನ ಪಂಪಿಗೆ ದಾರಿ ಇದೆಯಾ?”

“ನೇರವಾಗಿ ಇಲ್ಲ.” ವೈರಣ್ಣ ತಲೆ ಕೆರೆದುಕೊಂಡ. “ಮೇಷ್ಟ್ರ ಲ್ಯಾಪ್‌ಟಾಪಿಗೆ ಮಾತ್ರ ಇದೆ. ಪಂಪುಗಳ ಪಟ್ಟಿ ತೋರಿಸ್ಬೇಕು ಅಂದ್ರು. ಡೈರೆಕ್ಟರೇ ಕೊಡ್ಸಿದ್ರು. ನೀವೆಲ್ಲ ಕೆಲಸ ಮಾಡೋದೂ ಅದರ ಮೂಲಕವೇ ಅಲ್ವಾ?”

ಹಾಗಾದರೆ ಮೇಷ್ಟ್ರೇ? ಸಾಧ್ಯವೇ ಇಲ್ಲ! ಹನ್ನೊಂದು ಹದಿನೇಳಕ್ಕೆ ಅವರು ಅವಳ ಕುರ್ಚಿಯ ಹಿಂದೆ ಕೈಕಟ್ಟಿ ನಿಂತಿದ್ದರು. ಕೀಬೋರ್ಡಿನ ಒಂದು ಕೀಲಿಯನ್ನೂ ಮುಟ್ಟಿರಲಿಲ್ಲ.

ಊಟದ ಹೊತ್ತು. ತರಬೇತಿ ಕೋಣೆ ಖಾಲಿಯಾಗಿತ್ತು. ಮೇಜಿನ ಮೇಲೆ ಅಭ್ಯಾಸದ ಪಂಪು, ಅದಕ್ಕೆ ತೂಗುಹಾಕಿದ ಕೆಂಪು ನೀರಿನ ಚೀಲ, ಪಂಪಿನಿಂದ ಇಳಿದ ಕೊಳವೆ. ಕೊಳವೆಯ ತುದಿ ಒಂದು ನೀಲಿ ಪ್ಲಾಸ್ಟಿಕ್ ಮಗ್ಗಿನೊಳಗಿತ್ತು. ಸ್ಕ್ರೂ ಮಗ್ಗಿನೊಳಕ್ಕೆ ಇಣುಕಿದಳು. ಬೆರಳು ಹಾಕಿ ನೋಡಿದಳು.

ಒಣಗಿತ್ತು.

ಒಣಗಿತ್ತೆ? ಒಂದು ಗಂಟೆಗೂ ಹಿಂದೆ ತಾನೇ ನಲವತ್ತಕ್ಕೆ ಏರಿಸಿ ಹೋಗಿದ್ದಲ್ಲವೆ? ಮಗ್ಗಿನ ತಳವಾದರೂ ಕೆಂಪಾಗಬೇಡವೆ? ಪಂಪಿನ ಗುಂಡಿ ಒತ್ತಿದಳು. ಮೋಟಾರು ಮಿಸುಕಲಿಲ್ಲ. ಮತ್ತೆ ಒತ್ತಿದಳು. ಇಲ್ಲ. ಈ ಪಂಪು ಬೆಳಿಗ್ಗೆಯಿಂದ ಕೆಟ್ಟು ಕೂತಿತ್ತು.

ಹಾಗಾದರೆ ತಾನು ಗೆದ್ದದ್ದು ಯಾವ ಪಂಪಿನ ಮೇಲೆ?

ಬೆಳಿಗ್ಗೆ ಟೀ ಕುಡಿದು ಬಂದಾಗ ಮೇಷ್ಟ್ರು ಒಂದು ಚೀಟಿ ಕೊಟ್ಟಿದ್ದರು — “ಈ ವಿಳಾಸಕ್ಕೆ ದಾಳಿ ಮಾಡಿ.” ಚೀಟಿ ಇನ್ನೂ ಜೇಬಿನಲ್ಲಿತ್ತು. ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ವಾರ್ಡಿಗೆ ಬಂದಳು. ಏಳನೇ ಹಾಸಿಗೆಯ ಪಂಪಿನ ಬೆನ್ನಿಗೆ ಅಂಟಿಸಿದ್ದ ನೆಟ್‌ವರ್ಕ್ ವಿಳಾಸದ ಪಕ್ಕ ಚೀಟಿ ಹಿಡಿದು, ಒಂದೊಂದೇ ಅಂಕಿ ಓದಿದಳು. ಕೊನೆಯ ಅಂಕಿಯವರೆಗೂ ಓದಿದಳು. ಒಂದೂ ಬೇರೆಯಿರಲಿಲ್ಲ.

ಮೂರು ಗಂಟೆಗೆ ಸಮಿತಿ ಕೂತಿತು. ಮೇಷ್ಟ್ರನ್ನೂ ಸ್ಕ್ರೂ ಕರೆಸಿದ್ದಳು. ಸ್ಕ್ರೂ ಮಗ್ಗನ್ನೂ ಚೀಟಿಯನ್ನೂ ಮೇಜಿನ ಮೇಲಿಟ್ಟಳು.

“ಸಿಸ್ಟರ್ ಸೊನ್ನೆ ಒತ್ತಿಲ್ಲ ಸರ್. ದಾಳಿ ಯಶಸ್ವಿ ಅಂತ ಪರದೆ ಮೇಲೆ ಬಂತು, ನಾವೆಲ್ಲ ಪರದೆ ನೋಡಿದ್ವಿ. ಪಕ್ಕದಲ್ಲೇ ಇದ್ದ ಮಗ್ಗನ್ನ ಯಾರೂ ನೋಡ್ಲಿಲ್ಲ. ಇದರಲ್ಲಿ ಒಂದು ಹನಿ ನೀರಿಲ್ಲ. ಅಭ್ಯಾಸದ ಪಂಪು ಕೆಟ್ಟಿತ್ತು. ಅದು ಗೊತ್ತಾಗಿ ಮೇಷ್ಟ್ರು ನಿಜವಾದ ಪಂಪಿನ ವಿಳಾಸ ಕೊಟ್ರು. ಈ ಚೀಟಿ ಅವರ ಕೈಬರಹ.”

ಎಲ್ಲರೂ ಮೇಷ್ಟ್ರ ಕಡೆ ತಿರುಗಿದರು. ಮೂರು ದಿನ ಪಟಪಟ ಮಾತಾಡಿದ ಬಾಯಿ ಈಗ ತಡವರಿಸಿತು.

“ಹನ್ನೊಂದಕ್ಕೆ ಪಟ್ಟೀಲಿ ನೋಡಿದಾಗ ಅದು ಸುಮ್ನೆ ನಿಂತಿತ್ತು. ಸ್ಟೋರಿನಲ್ಲಿರೋ ಪಂಪು ಅಂದ್ಕೊಂಡೆ. ಅಷ್ಟು ಜನ ಕೂತಿದ್ರು... ಪಾಠ ನಿಲ್ಲಿಸೋದು ಹೇಗೆ?”

“ಏಳನೇ ಹಾಸಿಗೆ ಸುದ್ದಿ ಗೊತ್ತಾದ್ಮೇಲೆ?” ಸ್ಕ್ರೂ ಕೇಳಿದಳು. “ಒಬ್ಬ ಸಿಸ್ಟರನ್ನ ಮನೆಗೆ ಕಳಿಸ್ತಿದಾರೆ ಅಂತ ಗೊತ್ತಾದ್ಮೇಲೂ ಯಾಕೆ ಬಾಯಿ ಬಿಡ್ಲಿಲ್ಲ?”

ಡೈರೆಕ್ಟರ್ ಕನ್ನಡಕ ತೆಗೆದು ಹಣೆ ಒತ್ತಿಕೊಂಡರು. ಆ ಲ್ಯಾಪ್‌ಟಾಪಿಗೆ ದಾರಿ ಕೊಡಿಸಿದ್ದು ತಾವೇ ಎಂಬುದು ಅವರಿಗೂ ನೆನಪಾಗಿರಬೇಕು.

“ಕೀಲಿ ಒತ್ತಿದ್ದು ಯಾರು?” ಮೆಲ್ಲಗೆ ಕೇಳಿದರು.

“ನಾನು.”

ಡೈರೆಕ್ಟರ್ ಕನ್ನಡಕ ಮತ್ತೆ ಹಾಕಿಕೊಂಡರು.

“ನಿನಗೆ ಗೊತ್ತಿರ್ಲಿಲ್ಲವಲ್ಲ. ವರದೀಲಿ ನಿನ್ನ ಹೆಸರು ಬೇಡ.”

“ಬೇಕು ಸರ್. ಪಂಪ್ ನೋಡ್ದೆ ಒತ್ತಿದೆ ಅಂತಾನೇ ಬರೀರಿ.”

ಹೊರಗೆ ಬೆಂಚಿನ ಮೇಲೆ ಅತ್ತಿಗೆ ಕಾಯುತ್ತಿದ್ದರು. ಕೆಲಸ ಉಳಿಯಿತೆಂದು ಹೇಳಿದಾಗ ಅವರು ನಿಟ್ಟುಸಿರಿಟ್ಟರು. ಉಳಿದದ್ದನ್ನು ಹೇಳಿದಾಗ ನಾದಿನಿಯ ಕಡೆ ತಿರುಗಿದರು.

“ನಾನಿಲ್ಲಿ ಆಯಮ್ಮನ ನಾಡಿ ಹುಡುಕ್ತಿದ್ದಾಗ, ನೀವೆಲ್ಲ ಮೇಲೆ ಏನು ಮಾಡ್ತಿದ್ರಿ?”

“ಎಲ್ಲರೂ ಚಪ್ಪಾಳೆ ಹೊಡೀತಿದ್ರು ಅತ್ತಿಗೆ. ನಾನು ನಗ್ತಿದ್ದೆ.”

ಅತ್ತಿಗೆ ಎದ್ದರು. ಬಯ್ಯಲಿಲ್ಲ, ಅಳಲಿಲ್ಲ. ಅವಳ ಮೊಣಕೈ ಹಿಡಿದು ತೀವ್ರ ನಿಗಾ ಘಟಕದ ಬಾಗಿಲ ಕಡೆ ನಡೆಸಿದರು.

“ಆಯಮ್ಮನ ಮಗಳು ಬಂದಿದಾಳೆ. ಬಾ, ನೀನೇ ಹೇಳು. ನಾನು ಪಕ್ಕದಲ್ಲೇ ನಿಂತಿರ್ತೀನಿ.”