ಒಂಬತ್ತನೇ ನಂಬರಿನ ಹನಿ

ಹೊಲಿಗೆಯವಳು ನಮ್ಮ ಬಾಗಿಲಿಗೆ ಬಂದಾಗ ನಾನು ಹಿತ್ತಲಲ್ಲಿ ಬೀನ್ಸ್ ಬಳ್ಳಿಗೆ ಕೋಲು ಊರುತ್ತಿದ್ದೆ. ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಅದರೊಳಗಿಂದ ಅವಳು ಬಂದದ್ದು ಯಾರೋ ನಿದ್ದೆಯಲ್ಲಿ ನಡೆದು ಬಂದಂತಿತ್ತು.

“ಅಂಚೆಯಮ್ಮ ಇದಾರಾ, ಅಣ್ಣ?”

ಅಂಚೆಯಮ್ಮ ಎಂದರೆ ನನ್ನ ಹೆಂಡತಿ. ಮೂವತ್ತೊಂದು ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ನಿವೃತ್ತಳಾದವಳು. ಮಳೆಗೆ ಕಲಸಿಹೋದ ವಿಳಾಸ, ಅರ್ಧ ಹರಿದ ಲಕೋಟೆ, ಎಲ್ಲಕ್ಕೂ ಮನೆ ಹುಡುಕಿಕೊಟ್ಟವಳು. ಈಗ ಬೀದಿಯವರು ಕಳೆದುಹೋದದ್ದನ್ನೆಲ್ಲ ಅವಳ ಹತ್ತಿರವೇ ತರುತ್ತಾರೆ. ನಾನು ಅವಳ ಹಿಂದೆ ಕೊಡೆ ಹಿಡಿದು ಹೋಗುವವನು.

ಹೊಲಿಗೆಯವಳು ಮೇಜಿನ ಮೇಲೆ ಒಂದು ಫೋಟೋ ಇಟ್ಟಳು. ಬೀನ್ಸ್ ಬಳ್ಳಿಯ ಕುಡಿ ಕೋಲಿಗೆ ಸುತ್ತಿಕೊಂಡು ಮೇಲಕ್ಕೆ ಹೊರಟಿತ್ತು. ಎಲೆಯ ತುದಿಯಲ್ಲೊಂದು ಹನಿ, ಹಿಂದಿನ ಎಲೆಯ ಮೇಲೊಂದು ಇರುವೆ. ಹನಿಯೊಳಗೆ ಅವಳ ಮನೆಯ ಇಡೀ ಕಿಟಕಿ ತಲೆಕೆಳಗಾಗಿ ತೂಗುತ್ತಿತ್ತು. ನೋಡುತ್ತ ನೋಡುತ್ತ ನನಗೆ ಆ ಹನಿಯೊಳಗೇ ಹೋಗಿ ಕೂತಂತಾಯಿತು.

“ಬೀಜದಂಗಡಿಯವರು ಪೊಟ್ಟಣದ ಮೇಲೆ ಹಾಕೋಕೆ ಫೋಟೋ ಕೇಳಿದ್ರಮ್ಮ. ಗೆದ್ದವರಿಗೆ ಒಂದು ವರ್ಷ ಎಲ್ಲಾ ಬೀಜ, ಮೊಳಕೆ ಫೋಟೋ ತೆಗೆಯೋ ಕೆಲಸ. ನಿನ್ನೆ ಚೀಟಿ ಹಿಡ್ಕೊಂಡು ಕೇಳೋಕೆ ಹೋದ್ರೆ ಎರಡು ಫೋಟೋ ಮುಂದಿಟ್ರು. ನನ್ನದು ನಾಲ್ಕನೇ ನಂಬರು. ಇನ್ನೊಂದು ಒಂಬತ್ತು. ಅದೂ ನನ್ನದೇ ಫೋಟೋ, ಕನ್ನಡೀಲಿ ನೋಡಿದ ಹಾಗೆ ಎಡಬಲ ಆಗಿದೆ. ಶನಿವಾರದೊಳಗೆ ಯಾರದ್ದು ನಿಜ ಅಂತ ಗೊತ್ತಾಗದಿದ್ರೆ ಎರಡನ್ನೂ ತೆಗೆದುಹಾಕ್ತಾರಂತೆ.” ಅವಳ ದನಿ ತೆಳ್ಳಗಾಯಿತು. “ಸಿದ್ಧ ಉಡುಪು ಬಂದ ಮೇಲೆ ನನ್ನ ಹತ್ರ ಯಾರಮ್ಮ ಹೊಲಿಸ್ತಾರೆ? ಈಗ ಕದ್ದವಳು ಅನ್ನೋ ಹೆಸರೂ ಬೇರೆ.”

“ಒಂಬತ್ತು ಯಾರದ್ದು?”

“ಹೆಸರಿಲ್ಲ. ಪೆಟ್ಟಿಗೆಗೆ ಹಾಕುವಾಗ ನಂಬರಿನ ಚೀಟಿ ಹರಿದು ಅರ್ಧ ನಾವು ಇಟ್ಕೋಬೇಕು. ಗೆದ್ದವರು ಅದನ್ನ ತೋರಿಸ್ಬೇಕು.”

“ಫೋನಲ್ಲಿ ಅಸಲು ಇರಬೇಕಲ್ಲ?”

“ಫೋನು ಗಂಜಿ ಬಕೆಟ್ಟಿಗೆ ಬಿತ್ತು. ಈಗ ಬಟ್ಟೆ ಮೇಲೆ ಭಾರ ಇಡೋಕೆ ಬಳಸ್ತಿದೀನಿ.”

ನನ್ನ ಹೆಂಡತಿ ನಗಲಿಲ್ಲ. “ಮುಂಚೆ ಯಾರಿಗೆಲ್ಲ ಕಳಿಸಿದ್ದೆ?”

ಮೂವರಿಗೆ. ಪ್ರಿಂಟ್ ಹಾಕಿದ ಸ್ಟುಡಿಯೋದವನಿಗೆ, ಪಕ್ಕದ ಮನೆಯ ವಾರಗಿತ್ತಿಗೆ, ಲೆನ್ಸ್ ಕೊಟ್ಟ ವಾಚಿನಜ್ಜನಿಗೆ.

ಅಂದು ಬೆಳಗ್ಗೆಯೇ ಅವಳ ಮನೆಗೆ ಹೋದೆವು. ಹೊಲಿಗೆ ಯಂತ್ರದ ಪಕ್ಕದಲ್ಲಿ ಕಿಟಕಿ. ಅದಕ್ಕೆ ಬಿಳಿ ಲೈನಿಂಗ್ ಬಟ್ಟೆಯನ್ನು ಗುಂಡುಸೂಜಿಯಿಂದ ಚುಚ್ಚಿದ್ದಳು. ಬಿಸಿಲು ಅದರಲ್ಲಿ ಸೋಸಿಕೊಂಡು ಹಾಲಿನಂತೆ ಕೋಣೆಗೆ ಇಳಿಯುತ್ತಿತ್ತು. ನೆರಳು ಗಾಢವಾಗದಿರಲೆಂದು ಎದುರಿಗೊಂದು ಬಿಳಿ ರಟ್ಟು. ಫೋನು ಅಲುಗದಂತೆ ದಾರದ ಡಬ್ಬಗಳ ಮೇಲೆ ಒರಗಿಸುತ್ತಿದ್ದಳಂತೆ. ವಾಚಿನಜ್ಜ ರಿಪೇರಿಗೆ ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಹಳೆಯ ಕಣ್ಣುಗಾಜನ್ನು ರಬ್ಬರ್ ಬ್ಯಾಂಡಿನಿಂದ ಅದರ ಕ್ಯಾಮೆರಾಕ್ಕೆ ಬಿಗಿಯುತ್ತಿದ್ದಳು.

“ಬೆರಳು ತಾಗಿದ್ರೂ ಮಸುಕಾಗುತ್ತೆ. ಅದಕ್ಕೆ ಹತ್ತು ಸೆಕೆಂಡಿನ ಟೈಮರು ಇಟ್ಟು ಉಸಿರು ಬಿಗಿಹಿಡಿದು ಕೂರ್ತಿದ್ದೆ,” ಎಂದಳು. “ಹನಿ ಮಾತ್ರ ನಿಲ್ತಿರಲಿಲ್ಲ. ಕೊನೆಗೆ ನೀರಿಗೆ ಸಕ್ಕರೆ ಹಾಕಿ ಕಾಯಿಸಿ ಆರಿಸಿದೆ. ಸೂಜಿ ತುದೀಲಿ ಎತ್ತಿ ಇಟ್ರೆ ಗಂಟೆಗಟ್ಟಲೆ ನಿಲ್ತಿತ್ತು. ಅದರ ಆಸೆಗೆ ಇರುವೆ ಬಂತು.”

“ಕರೆಯದೆ ಬಂದ ನೆಂಟ,” ಎಂದೆ.

“ಆ ನೆಂಟನೇ ನಮಗೆ ಬೇಕಾದೋನು ರೀ,” ಎಂದಳು ನನ್ನ ಹೆಂಡತಿ.

ಸ್ಟುಡಿಯೋದವನು ಕತ್ತಲ ಕೋಣೆಯಿಂದ ಕಣ್ಣು ಕಿರಿದುಮಾಡಿಕೊಂಡು ಹೊರಬಂದ. “ನನ್ನ ಕ್ಯಾಮೆರಾ ಬೆಲೆಗೆ ಒಂದು ಎಮ್ಮೆ ಬರುತ್ತೆ. ಆದ್ರೂ ಅಂಥ ಫೋಟೋ ನನ್ನ ಕೈಗೆ ಸಿಗಲಿಲ್ಲ,” ಎಂದು ನಿಟ್ಟುಸಿರುಬಿಟ್ಟ. “ಬೆಳಕು ಒಂಚೂರು ಏರಿಸಿ ಪ್ರಿಂಟ್ ಹಾಕ್ಕೊಟ್ಟೆ, ಅಷ್ಟೇ. ಇರುವೆ ಇರ್ಲಾ ಬೇಡ್ವಾ ಅಂತ ಕೇಳಿದ್ಳು. ಅದೇ ಕಣಮ್ಮ ಜೀವ, ಮುಟ್ಟಬೇಡ ಅಂದೆ.”

ವಾರಗಿತ್ತಿ ಒಗೆದ ಬಟ್ಟೆ ಹರವುತ್ತಲೇ ಸಿಡಿದಳು: “ನಾನು ಕದಿಯೋದಾದ್ರೆ ಅಕ್ಕನ ಕತ್ತರಿ ಕದೀತಿದ್ದೆ. ಒಳ್ಳೇ ಕತ್ತರಿ. ಹನಿ ಕಟ್ಕೊಂಡು ಏನ್ ಮಾಡ್ಲಿ?”

ವಾಚಿನಜ್ಜನ ಅಂಗಡಿ ಒಂದು ಕಪಾಟಿನಷ್ಟು ಅಗಲ. ಗೋಡೆಯ ತುಂಬ ಗಡಿಯಾರಗಳು, ಒಂದೊಂದರಲ್ಲೂ ಒಂದೊಂದು ಹೊತ್ತು. ಅಲ್ಲಿ ಕೂತರೆ ಬೆಳಗೋ ಸಂಜೆಯೋ ತಿಳಿಯದೆ ಮಂಪರು ಕವಿಯುತ್ತಿತ್ತು. ಅಜ್ಜ ಎಡಗಣ್ಣಿಗೆ ಗಾಜು ಸಿಕ್ಕಿಸಿಕೊಂಡಿದ್ದರು. ಮಾತಾಡುತ್ತಲೇ ಮೇಜಿನ ಬಿಳಿ ಹಾಳೆಯ ಮೇಲಿನ ಧೂಳಿನ ಕಣಗಳನ್ನು ಚಿಮಟದಿಂದ ಎತ್ತಿ ಒಂದು ಮುಚ್ಚಳಕ್ಕೆ ಹಾಕುತ್ತಿದ್ದರು. ಪಕ್ಕದಲ್ಲಿ ಖಾಲಿ ವಾಚಿನ ಡಬ್ಬಿಗಳು; ಸವೆದ ತಿರುಪನ್ನೂ ಎಸೆಯದೆ ಅವುಗಳಲ್ಲಿ ತುಂಬಿಟ್ಟಿದ್ದರು.

“ಈಗ ಯಾರು ವಾಚು ರಿಪೇರಿ ಮಾಡಿಸ್ತಾರಮ್ಮ? ಕೈ ಬೇರೆ ನಡುಗುತ್ತೆ,” ಎಂದರು. “ಆ ಮಗು ಚೆನ್ನಾಗಿ ತೆಗೆದಿದೆ. ಗಾಜು ನನ್ನದು ಅನ್ನೋದೇ ನನಗೆ ಸಂತೋಷ.”

ದಾರಿಯಲ್ಲಿ ಬೀಜದಂಗಡಿಗೆ ಹೋಗಿ ಒಂಬತ್ತನೇ ನಂಬರನ್ನು ನೋಡಿದೆವು. ಬಳ್ಳಿ, ಎಲೆ, ಹನಿ, ಎಲ್ಲ ಇತ್ತು. ಎಲೆಯ ಮೇಲೆ ಇರುವೆ ಇರಲಿಲ್ಲ. ನಾಲ್ಕು ಮೂಲೆಗಳನ್ನು ಕಪ್ಪಾಗಿಸಿದ್ದರಿಂದ ಚಿತ್ರ ದುಂಡಗೆ, ಕೊಳವೆಯಲ್ಲಿ ಇಣುಕಿದಂತೆ ಕಾಣುತ್ತಿತ್ತು. ನನ್ನ ಹೆಂಡತಿ ಅದರ ಮುಂದೆ ಎಷ್ಟು ಹೊತ್ತು ನಿಂತಳೆಂದರೆ ಅಂಗಡಿಯ ಯಜಮಾನರು ಕುರ್ಚಿ ತರಿಸಿದರು.

“ರೀ, ಬೀನ್ಸ್ ಬಳ್ಳಿ ಕೋಲನ್ನ ಯಾವ ಕಡೆಯಿಂದ ಸುತ್ತುತ್ತೆ?” ಎಂದಳು ಮನೆಗೆ ಬಂದವಳೇ. ಹಿತ್ತಲಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಅವಳು ಒಂದೂ ಬಿಡದೆ ಎಲ್ಲ ಬಳ್ಳಿಗಳನ್ನೂ ನೋಡಿ, ಕೊನೆಯದಕ್ಕೆ ಸಣ್ಣಗೆ ತಲೆದೂಗಿದಳು.

ಶನಿವಾರ ಮಧ್ಯಾಹ್ನ ಹೊಲಿಗೆಯವಳ ಕೋಣೆಯಲ್ಲೇ ಎಲ್ಲರೂ ಸೇರಿದೆವು. ಯಜಮಾನರು ಎರಡೂ ಫೋಟೋ ತಂದಿದ್ದರು. ಫೋಟೋ ಕಳಿಸಿಕೊಂಡಿದ್ದ ಮೂವರ ಮುಂದೆಯೂ ಒಂದೊಂದು ಬಿಳಿ ರಟ್ಟು ಇತ್ತು; ಪ್ರತಿಯೊಂದರ ಮೇಲೂ ಎಲ್ಲಿಂದಲೋ ಬಿದ್ದಂತೆ ಒಂದು ಸಾಸಿವೆ ಕಾಳು.

“ಮೊದಲು ಬಳ್ಳಿ,” ಎಂದಳು ನನ್ನ ಹೆಂಡತಿ. “ನಮ್ಮನೆಯವರ ಹಿತ್ತಲಲ್ಲಿ ಅರವತ್ತು ಬೀನ್ಸ್ ಬಳ್ಳಿ ಇವೆ. ಎದುರಿಗೆ ನಿಂತು ನೋಡಿದ್ರೆ ಎಲ್ಲವೂ ಎಡಗಡೆ ಕೆಳಗಿಂದ ಬಲಗಡೆ ಮೇಲಕ್ಕೆ ಏರ್ತವೆ. ನಾಲ್ಕನೇ ನಂಬರಲ್ಲೂ ಹಾಗೇ. ಒಂಬತ್ತರಲ್ಲಿ ಬಲದಿಂದ ಎಡಕ್ಕೆ.”

“ಹೌದಲ್ಲ! ಬೀಜ ಮಾರೋ ನನಗೇ ಹೊಳೀಲಿಲ್ಲ,” ಎಂದರು ಬೀಜದಂಗಡಿಯವರು. “ಆದ್ರೆ ಒಂಬತ್ತರವರೇ ಮೊದಲು ತೆಗೆದು, ಆಮೇಲೆ ತಿರುಗಿಸಿರಬಹುದಲ್ಲ?”

“ಇರಬಹುದು. ಅದಕ್ಕೇ ಹನಿ ನೋಡಿ.” ಒಂಬತ್ತನೇ ಚಿತ್ರದ ಮೇಲೆ ಅಜ್ಜನ ಕಣ್ಣುಗಾಜು ಇಟ್ಟಳು. ಒಬ್ಬೊಬ್ಬರಾಗಿ ಬಾಗಿ ನೋಡಿದೆವು. ತಲೆಕೆಳಗಾದ ಕಿಟಕಿ, ಅದರ ಬಟ್ಟೆಗೆ ಚುಚ್ಚಿದ ಗುಂಡುಸೂಜಿಗಳ ಸಾಲು. ಅದರ ಕೆಳಗೆ ಕಾಲು ಮೇಲೆ ಮಾಡಿಕೊಂಡು ಒಂದು ಪುಟ್ಟ ಇರುವೆ.

“ಹನಿಯೂ ಒಂದು ಗಾಜೇ. ಹಿಂದಿರೋದನ್ನ ತಲೆಕೆಳಗು ಮಾಡಿ ತೋರಿಸುತ್ತೆ. ಎಲೆ ಮೇಲಿನ ಇರುವೇನ ಯಾರೋ ಅಳಿಸಿದ್ರು, ಹನಿಯೊಳಗಿನದು ಅವರ ಕಣ್ಣಿಗೆ ಬೀಳಲಿಲ್ಲ. ಇರುವೆ ಎರಡು ಕಡೆಯೂ ಇರೋದು ನಾಲ್ಕನೇ ನಂಬರಲ್ಲಿ ಮಾತ್ರ. ಅದು ಅಸಲು. ಕಿಟಕಿಯೂ ಈ ಕೋಣೇದೇ.”

ಹೊಲಿಗೆಯವಳು ಬಾಯಿಗೆ ಸೆರಗು ಒತ್ತಿಕೊಂಡಳು.

“ಹಾಗಾದ್ರೆ ಅಳಿಸಿದ್ಯಾರು?” ಎಂದಳು ವಾರಗಿತ್ತಿ, ಸಾಸಿವೆ ಕಾಳನ್ನು ಬೆರಳಲ್ಲಿ ಉರುಳಿಸುತ್ತಾ.

“ಸ್ಟುಡಿಯೋದವರಿಗೆ ಇರುವೆಯೇ ಜೀವ. ಅಳಿಸೋರಲ್ಲ. ಅಳಿಸಿದ್ರೂ ಹನಿಯೊಳಗೆ ನೋಡದೆ ಬಿಡೋರಲ್ಲ, ಅದು ಅವರ ಕಸುಬು. ನೀನು ಕಸ ಇದ್ರೆ ಅದರ ಜೊತೆಗೇ ಆಟ ಆಡ್ತೀಯ, ಈಗ ಆಡ್ತಿರೋ ಹಾಗೆ. ಇರುವೇನ ಕಸ ಅಂತ ಕಂಡವರು, ಬಿಳೀ ಹಾಳೆ ಮೇಲೆ ಕಪ್ಪು ಚುಕ್ಕೆ ಕಂಡ್ರೆ ಕೈ ಸುಮ್ಮನಿರದವರು, ಲೋಕವನ್ನೇ ದುಂಡಗೆ ಒಂದು ಗಾಜಿನೊಳಗೆ ನೋಡಿ ಅಭ್ಯಾಸ ಆದವರು…”

ಎಲ್ಲರೂ ಅಜ್ಜನ ಕಡೆ ತಿರುಗಿದೆವು. ಅವರ ರಟ್ಟಿನ ಮೇಲೆ ಕಾಳು ಇರಲಿಲ್ಲ. ಚಿಮಟದ ತುದಿಯಲ್ಲಿತ್ತು. ಯಾವಾಗ ಎತ್ತಿದರೆಂದು ಅವರಿಗೂ ತಿಳಿದಿರಲಿಲ್ಲ.

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೋತಾರೆ ಅಂತಾರೆ. ಅದು ಸಾಕ್ಷಿ ಅಲ್ಲ, ಗುಮಾನಿ ಅಷ್ಟೇ,” ಎಂದಳು ನನ್ನ ಹೆಂಡತಿ ಮೆಲ್ಲಗೆ. “ಸಾಕ್ಷಿ ನಿಮ್ಮ ಹತ್ರ ಇದೆ ಅಜ್ಜ. ಸಣ್ಣ ವಸ್ತು ಎಸೆಯೋ ಪೈಕಿ ಅಲ್ಲ ನೀವು. ಜೀವಮಾನವಿಡೀ ತಿರುಪು ಬಿಗಿದವರು, ಬಳ್ಳಿಯ ತಿರುಪು ನೋಡೋದು ಮರೆತ್ರಲ್ಲ.”

ಅಜ್ಜ ಕಾಳನ್ನು ಮೆಲ್ಲಗೆ ರಟ್ಟಿನ ಮೇಲೆ ಇಟ್ಟರು. ಹೊರಗೆ ಯಾರದೋ ಸೈಕಲ್ಲು ಹಾದುಹೋಯಿತು. ಆಮೇಲೆ ಜೇಬಿನಿಂದ ಒಂದು ಖಾಲಿ ವಾಚಿನ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು. ಗಡಿಯಾರದ ಎದೆ ಇರಬೇಕಾದಲ್ಲಿ ನಾಲ್ಕು ಮಡಿಕೆಯ ಅರ್ಧ ಚೀಟಿ. ಒಂಬತ್ತು.

“ಕಿಟಕಿ ಪಕ್ಕ ಕೂತು ಸಣ್ಣದನ್ನ ದೊಡ್ಡದಾಗಿ ನೋಡೋ ಕೆಲಸ ಅಂದ್ರು,” ಎಂದರು. “ಐವತ್ತು ವರ್ಷ ಅದನ್ನೇ ಮಾಡ್ದೆ. ಇನ್ನೊಂದು ವರ್ಷ ಮಾಡೋಣ ಅನ್ನಿಸ್ತು. ಗಾಜು ನನ್ನದೇ ತಾನೇ ಅಂತ ಮನಸ್ಸಿಗೆ ಹೇಳ್ಕೊಂಡೆ. ನೀನು ಕಳಿಸಿದ ಚಿತ್ರಾನ ಫೋನಲ್ಲೇ ತಿರುಗಿಸಿ, ಬೇರೆ ಕಡೆ ಪ್ರಿಂಟ್ ಹಾಕಿಸ್ದೆ. ತಪ್ಪಾಯ್ತು ಮಗಳೇ.”

ಅವರು ಎದ್ದು ಹೋದರು. ಯಾರೂ ತಡೆಯಲಿಲ್ಲ. ಯಜಮಾನರು ನಾಲ್ಕನೇ ನಂಬರಿನ ಹಿಂದೆ ಹೊಲಿಗೆಯವಳ ಹೆಸರು ಬರೆದರು. ಕಣ್ಣುಗಾಜು ರಟ್ಟಿನ ಮೇಲೆಯೇ ಉಳಿದಿತ್ತು.

ಸೋಮವಾರ ಬೆಳಗ್ಗೆ ನಾವಿಬ್ಬರೂ ಆ ಮನೆಯ ಮುಂದೆ ಹಾದುಹೋಗುತ್ತಿದ್ದೆವು. ಕಿಟಕಿಯ ಬಿಳಿ ಬಟ್ಟೆಯ ಹಿಂದೆ ಹೊಲಿಗೆಯವಳ ನೆರಳು, ಬೀಜದಂಗಡಿಯವರು ಕೊಟ್ಟ ಫೋನಿನೊಂದಿಗೆ, ಯಾವುದೋ ಮೊಳಕೆಯ ಮೇಲೆ ಬಾಗಿತ್ತು. ಹೊಸ್ತಿಲಾಚೆ ಅಜ್ಜ ಚಪ್ಪಲಿ ಬಿಡಲೋ ಬೇಡವೋ ಎಂಬಂತೆ ನಿಂತಿದ್ದರು.

“ಆ ಗಾಜಿನೊಳಗೆ ಧೂಳು ಸೇರುತ್ತೆ ಮಗಳೇ. ಬಿಚ್ಚಿ ಒರೆಸೋದು ನನಗೊಬ್ಬನಿಗೇ ಗೊತ್ತು.”

ಒಳಗೆ ಹತ್ತು ಸೆಕೆಂಡಿನಷ್ಟು ಮೌನ. ಟೈಮರಿನ ಸದ್ದು ಕೇಳಿಸಿತು, ಆಮೇಲೆ ಅವಳ ದನಿ.

“ಬನ್ನಿ, ಒರೆಸಿಕೊಡಿ. ಇರುವೆ ಬಂದ್ರೆ ಮಾತ್ರ ಮುಟ್ಟಬೇಡಿ.”